ಮೇಲಧಿಕಾರಿಗಳ ಮುಖಾಂತರ

ಖಾನಾಪುರದ ಪೊಲೀಸ್ ತರಬೇತಿ ಶಾಲೆಯಲ್ಲಿ ಮಳೆಗಾಲ ಕಳೆದವರಿಗೆ ಒಣಗದ ಖಾಕಿಯ ವಾಸನೆ ಗೊತ್ತು. ಅಲ್ಲಿ ಲಾಠಿ ಹಿಡಿಯುವುದರ ಜೊತೆಗೆ ಅರ್ಜಿ ಬರೆಯುವುದನ್ನೂ ಕಲಿತೆವು. ಅಹವಾಲು ಏನೇ ಇರಲಿ, ಮೇಲಧಿಕಾರಿಗಳ ಮುಖಾಂತರವೇ ಹೋಗಬೇಕು. ಅಹವಾಲು ಅವರ ಮೇಲೆಯೇ ಇದ್ದರೆ? ಹಾಗೆ ಕೇಳಿದ ಹುಡುಗ ಮೈದಾನಕ್ಕೆ ಇನ್ನೆರಡು ಸುತ್ತು ಓಡಿದ.

ಬೆಳಗಾವಿಗೆ ಬಂದ ಮೇಲೆ ರಜಾ ಚೀಟಿ ಹಿಡಿದು ನಿಲ್ಲುವ ಸರದಿ.

"ಅವ್ವಗ ಆರಾಮಿಲ್ಲರಿ ಸಾಹೇಬ್ರ."

"ಗಣಪತಿ ಬಂದಾಗಷ್ಟ ನಿಮ್ಮ ಅವ್ವಗೋಳಿಗೆ ಆರಾಮ ತಪ್ಪತದೇನ?"

ಸಾಹೇಬರದೂ ಪೂರ್ತಿ ತಪ್ಪಲ್ಲ. ವಿಸರ್ಜನೆಯ ಮೆರವಣಿಗೆ ಕಪಿಲೇಶ್ವರ ಹೊಂಡ ಮುಟ್ಟುವ ಹೊತ್ತಿಗೆ ಬೆಳಗಾಗಿರುತ್ತಿತ್ತು, ಠಾಣೆಯಲ್ಲಿ ಜನ ಕಡಿಮೆ. ನವೆಂಬರ್ 1 ಬಂದರೆ ಒಂದು ಕಡೆ ಚೆನ್ನಮ್ಮ ವೃತ್ತದ ರಾಜ್ಯೋತ್ಸವ, ಇನ್ನೊಂದು ಕಡೆ ಮಹಾರಾಷ್ಟ್ರ ಏಕೀಕರಣ ಸಮಿತಿಯ (ಎಂಇಎಸ್) ಕರಾಳ ದಿನ, ನಡುವೆ ನಾವು. ಬ್ಯಾಂಕಿನವರು, ಬಸ್ಸಿನವರು, ಅಂಗನವಾಡಿಯವರು ಡಿಸಿ ಕಚೇರಿ ಮುಂದೆ ಕೂಗುವಾಗ ಹಗ್ಗ ಹಿಡಿದವರೂ ನಾವೇ.

ನಮಗೆ ಕೂಗುವ ಹಕ್ಕಿರಲಿಲ್ಲ. ಸರ್ಕಾರದ ಒಪ್ಪಿಗೆಯಿಲ್ಲದೆ ಸಂಘ ಸೇರಿದರೆ 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆಯಡಿ 2 ವರ್ಷದವರೆಗೆ ಜೈಲು. ಕೈಗಾರಿಕಾ ವಿವಾದ ಕಾಯ್ದೆ ಪೊಲೀಸರನ್ನು ಕಾರ್ಮಿಕರೆಂದು ಎಣಿಸಲಿಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಎಣಿಸಿಲ್ಲ. 2016ರ ಜೂನ್ 4ಕ್ಕೆ ಸಾಮೂಹಿಕ ರಜೆಯ ಕರೆ ಬಂದಾಗ, ಆ ದಿನಕ್ಕೆ ಮೊದಲೇ ಕರೆ ಕೊಟ್ಟಿದ್ದ ಪೊಲೀಸ್ ಮಹಾಸಂಘದ ಮುಖಂಡ ವಿ. ಶಶಿಧರ್ ಅವರ ಬಂಧನವಾಯಿತು. ರಾಜದ್ರೋಹದ ಆರೋಪ! ರಜೆ ಕೇಳಿದರೆ ರಾಜ್ಯ ಉರುಳುತ್ತದೆಂದು ಖಾನಾಪುರದಲ್ಲಿ ಯಾರೂ ಕಲಿಸಿರಲಿಲ್ಲ. ಜೂನ್ 4ರಂದು ಹೆಚ್ಚಿನವರು ಡ್ಯೂಟಿಗೆ ಬಂದರು.

ಏನೂ ಬದಲಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಔರಾದ್ಕರ್ ಸಮಿತಿಯ ವರದಿಯ ಮೇಲೆ 2019ರಲ್ಲಿ ಸಂಬಳ ಪರಿಷ್ಕರಣೆಯಾಯಿತು, ಹಳಬರಿಗೆ ಲಾಭವಿಲ್ಲ ಎಂಬ ಗೊಣಗಾಟದ ಸಮೇತ. ಬಡ್ತಿ, ಶಿಕ್ಷೆಯ ತಕರಾರಿಗೆ ಆಗ ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿ ಬೆಂಗಳೂರಿನ ಆಡಳಿತ ನ್ಯಾಯಮಂಡಳಿಗೆ ಹೋಗಬೇಕಿತ್ತು. ಒಂದು ತಾರೀಖಿಗೆ ಎರಡು ದಿನ ರಜೆ, ಆ ರಜೆಗೆ ಮತ್ತೆ ಅದೇ ಸಾಹೇಬರು. ಈಗ ಬೆಳಗಾವಿಯಲ್ಲೇ ಪೀಠವಿದೆ. ಆದರೆ ಅಲ್ಲಿಗೆ ಹೋಗುವುದು ಒಬ್ಬೊಬ್ಬರ ಸೇವಾ ತಕರಾರು. ಇಡೀ ಠಾಣೆಯ ಡ್ಯೂಟಿ ಅವಧಿಯ ಬಗ್ಗೆ ಕೂತು ಮಾತಾಡಿ ಇತ್ಯರ್ಥ ಮಾಡುವ ಜಾಗ ಅದಲ್ಲ.

ಚಳಿಗಾಲದ ಅಧಿವೇಶನಕ್ಕೆ ಸುವರ್ಣಸೌಧದ ಬಳಿ ಟೆಂಟುಗಳು ಏಳುತ್ತವೆ. ಕಾವಲಿಗೆ ಬೇರೆ ಜಿಲ್ಲೆಯ ಹುಡುಗರು ಬರುತ್ತಾರೆ. ಊಟ, ವಸತಿಯ ಬಗ್ಗೆ ಅವರ ತಕರಾರೂ ನಮ್ಮ ಕಾಲದ್ದೇ.

ಪೊಲೀಸರು ಮುಷ್ಕರ ಮಾಡಬಾರದು, ಇದನ್ನು ನಾನು ಒಪ್ಪುತ್ತೇನೆ. ಇಂಗ್ಲೆಂಡಿನಲ್ಲೂ 1919ರಲ್ಲಿ ಪೊಲೀಸರಿಗೆ ಸಂಘ ಸೇರುವುದನ್ನು ನಿಷೇಧಿಸಿದರು. ಆದರೆ ಅದೇ ಕಾಯ್ದೆಯಲ್ಲಿ ಅವರ ಪರವಾಗಿ ಮಾತಾಡಲು ಪೊಲೀಸ್ ಫೆಡರೇಶನ್ ಕಟ್ಟಿಕೊಟ್ಟರು. ನಮ್ಮಲ್ಲಿ ನಿಷೇಧ ಮಾತ್ರ ಬಂತು. ಪೇದೆಯ ಅಹವಾಲು ಕೇಳಲು ಇಲಾಖೆಯ ಹೊರಗಿನವರೂ ಕೂರುವ ಸಮಿತಿಯೊಂದು ಜಿಲ್ಲೆಗೊಂದರಂತೆ ಬೇಕು. ಮುಂದಿನ ಅಧಿವೇಶನದಲ್ಲಿ ಬೆಳಗಾವಿ, ಖಾನಾಪುರದ ಶಾಸಕರು ಈ ಪ್ರಶ್ನೆ ಎತ್ತಲಿ. ಬಾಗಿಲಲ್ಲಿ ನಿಂತವರು ಎತ್ತುವಂತಿಲ್ಲ.