ಗಿಡ್ಡ ಸೈಕಲ್ಲು

ದೊಡ್ಡ ಗಾಲಿಯ ಸೈಕಲ್ಲಿಗೆ ನಮ್ಮವರು ಕೊಡುವ ಗೌರವ ಸಣ್ಣ ಗಾಲಿಯದಕ್ಕೆ ದೊರೆಯುವುದಿಲ್ಲ. ಅಂಚೆಯವನು, ಹಾಲಿನವನು, ಮೀನಿನವನು, ದುಡಿದು ತಿನ್ನುವವರೆಲ್ಲ 28 ಇಂಚಿನ ಗಾಲಿಯನ್ನೇ ತುಳಿದವರು. 20 ಇಂಚಿನದು ಮಕ್ಕಳ ಆಟಿಕೆ, ಇಲ್ಲವೇ ಸರ್ಕಸ್ಸಿನ ಕರಡಿಯ ವಾಹನ. ಈ ಮಾತನ್ನು ನಮ್ಮ ಅಧ್ಯಾಪಕರ ಕೊಠಡಿಯಲ್ಲಿಯೂ ಕೇಳಿದ್ದೇನೆ. ಆದರೆ ಒಂದು ಬೇಲಿಯೊಳಗಿನ ಓಡಾಟಕ್ಕೆ ಗಿಡ್ಡ ಸೈಕಲ್ಲೇ ತಕ್ಕುದೆಂದು ಎರಡು ವರ್ಷಗಳ ಅನುಭವದಿಂದ ಹೇಳಬಲ್ಲೆ.

ನಮ್ಮ ಶಾಲೆಯಿರುವುದು ಕಾಸರಗೋಡು ಜಿಲ್ಲೆಯ ಒಂದು ಗುಡ್ಡೆಯ ಮೇಲೆ. ಆವರಣ ಒಂದೇ ಆದರೂ ಕಟ್ಟಡಗಳು ಎರಡು. ನಡುವೆ ಆಟದ ಬಯಲು, ಗೇರುಮರಗಳು, ಮುರಕಲ್ಲಿನ ದಾರಿ. ಬಯಲನ್ನು ಬಳಸಿ ಹೋದರೆ 300 ಮೀಟರು. ಕನ್ನಡ ವಿಭಾಗದ ಎರಡನೆಯ ತರಗತಿ ಈ ತುದಿಯಲ್ಲಿ, ನಾಲ್ಕನೆಯದು ಆ ತುದಿಯಲ್ಲಿ. ತೆರವಾದ ಒಂದು ಹುದ್ದೆ ತುಂಬದೆ ಉಳಿದುದರಿಂದ ಎರಡೂ ತರಗತಿಗಳ ಕನ್ನಡ, ಗಣಿತ ನನ್ನ ಪಾಲಿಗೆ ಬಂದವು. ತರಬೇತಿ ಶಾಲೆಯಲ್ಲಿ ನಮಗೆ ಪಾಠಟಿಪ್ಪಣಿ ಬರೆಯುವುದನ್ನು ಕಲಿಸಿದ್ದರು. ಎರಡು ಕಟ್ಟಡಗಳ ನಡುವೆ ಓಡುವುದನ್ನು ಕಲಿಸಿರಲಿಲ್ಲ.

ಪುಸ್ತಕಗಳ ಕಟ್ಟು ಹೊತ್ತು ಸೀರೆಯಲ್ಲಿ ನಡೆದರೆ ಒಂದು ಸಲಕ್ಕೆ ಐದು ನಿಮಿಷ ಬೇಕು. ದಿನಕ್ಕೆ ನಾಲ್ಕು ಸಲವೆಂದರೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಕನ್ನಡ ತರಗತಿ ಅಧ್ಯಾಪಕರಿಲ್ಲದೆ ಗಲಾಟೆ ಮಾಡುತ್ತದೆ. ಗಲಾಟೆ ಬೇಡವೆಂದು ಮಕ್ಕಳನ್ನು ಪಕ್ಕದ ಮಲಯಾಳ ವಿಭಾಗದ ಹಿಂದಿನ ಬೆಂಚಿನಲ್ಲಿ ಕೂರಿಸುತ್ತಾರೆ. ಯಾರ ಮೇಲೂ ದೂರಲ್ಲ, ಆಗುವುದು ಹೀಗೆ. ಒಬ್ಬ ತಾಯಿ ನೇರವಾಗಿಯೇ ಹೇಳಿದರು: “ಟೀಚರೇ, ಹೇಗೂ ಅಲ್ಲಿ ಕೂತುಕೊಳ್ಳುವುದಾದರೆ ಹೆಸರನ್ನೂ ಅಲ್ಲಿಗೇ ಬರೆಸಿಬಿಡುವುದಲ್ಲವೋ?” ಒಂಬತ್ತು ಮಕ್ಕಳಿರುವ ತರಗತಿಯಲ್ಲಿ ಒಂದು ಹೆಸರು ಹೋಗುವುದೆಂದರೆ ಏನೆಂಬುದನ್ನು ಗಡಿನಾಡಿನ ಅಧ್ಯಾಪಕ ಬಂಧುಗಳಿಗೆ ನಾನು ವಿವರಿಸಬೇಕಾಗಿಲ್ಲ.

ಆ ವರ್ಷವೇ ಗಲ್ಫಿನಿಂದ ಮರಳಿದ ಊರಿನವರೊಬ್ಬರು ತಮ್ಮ ಮನೆಯಲ್ಲಿ ಸುಮ್ಮನೆ ನಿಂತಿದ್ದ ಮಡಚುವ ಸೈಕಲ್ಲನ್ನು ಶಾಲೆಗೆ ಕೊಟ್ಟರು. ಗಾಲಿ 20 ಇಂಚು. ನಡುವೆ ಅಡ್ಡ ಸರಳಿಲ್ಲದುದರಿಂದ ಸೀರೆಗೆ ತೊಡಕಿಲ್ಲ. ಸೀಟಿನ ಕೊಳವೆ ಉದ್ದವಾದುದರಿಂದ ನನ್ನಂಥ ಕುಳ್ಳಿಯೂ ಏರಬಹುದು, ನಮ್ಮ ಎತ್ತರದ ಡ್ರಿಲ್ ಮಾಸ್ತರರೂ ಏರಬಹುದು. ಮಳೆ ಬಂದರೆ ಜಗಲಿಯ ಮೂಲೆಯಲ್ಲಿ ಅಡಗುತ್ತದೆ. ಗಾಲಿ ಹಗುರವಾದುದರಿಂದ ನಿಂತಲ್ಲಿಂದ ಬೇಗ ಹೊರಡುತ್ತದೆ. ಎರಡೇ ನಿಮಿಷದ ದಾರಿಯಲ್ಲಿ ಬೇಕಾದುದು ಅದೇ.

ಗಾಲಿ ಚಿಕ್ಕದಾದರೆ ಹೆಚ್ಚು ತುಳಿಯಬೇಕಲ್ಲವೇ ಎಂದು ನಾಲ್ಕನೆಯ ತರಗತಿಯ ಹುಡುಗನೊಬ್ಬ ಕೇಳಿದ. ಅಂದಿನ ಗಣಿತದ ಪಾಠ ಬಯಲಿಗೆ ಬಂದಿತು. ಟಯರಿಗೆ ಸೀಮೆಸುಣ್ಣದ ಗುರುತು ಹಾಕಿ ಉರುಳಿಸಿದೆವು. 28 ಇಂಚಿನ ಗಾಲಿ ಒಂದು ಸುತ್ತಿಗೆ 88 ಇಂಚು ಹೋಗುತ್ತದೆ, 20 ಇಂಚಿನದು ಸುಮಾರು 63. ನಮ್ಮ ದಾರಿಗೆ ಮೊದಲಿನದು 134 ಸಲ ಸುತ್ತಿದರೆ ಎರಡನೆಯದು 188 ಸಲ ಸುತ್ತಬೇಕು. ಬಳಿಕ ಹಲ್ಲುಚಕ್ರಗಳನ್ನು ಎಣಿಸಿದರು: ಮುಂದೆ 44, ಹಿಂದೆ 16. ಪೆಡಲು ಒಮ್ಮೆ ತಿರುಗಿದರೆ ಗಾಲಿ ಎರಡೂಮುಕ್ಕಾಲು ಸುತ್ತು. ತುಳಿತವನ್ನು ನಿರ್ಣಯಿಸುವುದು ಗಾಲಿಯೊಂದೇ ಅಲ್ಲ, ಹಲ್ಲೂ ಹೌದೆಂದು ಅವರಿಗೆ ತಿಳಿಯಿತು. ಕೈಯೆಲ್ಲ ಗ್ರೀಸು ಮೆತ್ತಿದ್ದು ಬೇರೆ ವಿಚಾರ.

ಸಣ್ಣ ಗಾಲಿಯನ್ನು ಗಂಭೀರವಾಗಿ ಎಣಿಸಿದವರು ಇಂಗ್ಲೆಂಡಿನ ಎಂಜಿನಿಯರ್ ಅಲೆಕ್ಸ್ ಮೌಲ್ಟನ್. 1959ರ ಮಿನಿ ಕಾರಿಗೆ ರಬ್ಬರಿನ ಸ್ಪ್ರಿಂಗು ರೂಪಿಸಿದ ಇವರು 1962ರಲ್ಲಿ 16 ಇಂಚಿನ ಗಾಲಿಯ ಸೈಕಲ್ಲನ್ನು ಹೊರತಂದರು. ಸಣ್ಣ ಗಾಲಿ ಕುಲುಕುತ್ತದೆಂದು ಹಿಂದೆ ಮುಂದೆ ರಬ್ಬರು ಕೊಟ್ಟು, ಟಯರಿಗೆ ಗಟ್ಟಿಯಾಗಿ ಗಾಳಿ ತುಂಬಿಸಿದರು. ಅದಕ್ಕೆದುರಾಗಿ ರ‍್ಯಾಲಿ ಕಂಪನಿ 1965ರಲ್ಲಿ ತನ್ನದನ್ನು ತಂದಿತು. ಸ್ಪ್ರಿಂಗಿಲ್ಲ, ಬದಲಿಗೆ ದಪ್ಪ ಮೆತ್ತನೆಯ ಟಯರು. ಅದು ತುಳಿಯಲು ಭಾರವಾಯಿತು. 1967ರಲ್ಲಿ ಆ ಕಂಪನಿಯೇ ಮೌಲ್ಟನ್ನರ ಸೈಕಲ್ ಉದ್ಯಮವನ್ನು ಕೊಂಡಿತು. ಇದನ್ನು ಓದಿದ ಮೇಲೆ ನಾನು ಸೋಮವಾರ ತಪ್ಪದೆ ಪಂಪು ಹಿಡಿಯುತ್ತೇನೆ. ಗಾಳಿ ಇಳಿದ ಗಿಡ್ಡ ಸೈಕಲ್ಲಿಗಿಂತ ನಡೆಯುವುದು ಲೇಸು.

ದೋಷಗಳಿಲ್ಲವೆಂದಲ್ಲ. ದೊಡ್ಡ ಗಾಲಿ ದಾಟಿಬಿಡುವ ಕುಳಿಯೊಳಕ್ಕೆ ಸಣ್ಣದು ಇಳಿಯುತ್ತದೆ. ಮಳೆಗಾಲದಲ್ಲಿ ನೀರು ಕೊರೆದ ಮುರಕಲ್ಲಿನ ಚರಂಡಿ, ಗೇರುಮರದ ಬೇರು, ಇವುಗಳೆದುರು ಇಳಿದು ತಳ್ಳುವುದೇ ಕ್ಷೇಮ. ಹ್ಯಾಂಡಲ್ ಚಂಚಲ, ಒಂದು ಕೈಯಲ್ಲಿ ಕೊಡೆ ಹಿಡಿಯುವ ಸಾಹಸ ಸಲ್ಲದು. ಪೇಟೆಗೆ ನಾನಿದನ್ನು ಒಯ್ಯುವುದಿಲ್ಲ.

ಮೈಸೂರಿನ ಇನ್ಫೋಸಿಸ್ ತರಬೇತಿ ಕೇಂದ್ರದಂಥ ಕಡೆ ಆವರಣದೊಳಗೆ ಓಡಾಡಲು ಸೈಕಲ್ಲುಗಳನ್ನು ಇಟ್ಟಿರುತ್ತಾರೆ. ನೂರಾರು ಎಕರೆಯ ಸಂಸ್ಥೆಗಳ ಮಾತು ಅದು. ನಮ್ಮದು ಒಂದೇ ಸೈಕಲ್ಲು. ಈಗ ಒಂದು ಸಲಕ್ಕೆ ಎರಡು ನಿಮಿಷ ಸಾಕು. ದಿನಕ್ಕೆ ಹನ್ನೆರಡು, ವಾರಕ್ಕೆ ಅರುವತ್ತು ನಿಮಿಷ ಉಳಿಯುತ್ತವೆ. ನಮ್ಮ ಒಂದು ಪೀರಿಯಡ್ ನಲವತ್ತು ನಿಮಿಷದ್ದು. ಹಿಂದಿನ ಬೆಂಚಿಗೆ ಹೋಗುವ ಮೊದಲೇ ಗಂಟೆಯ ಸದ್ದು ಕೇಳಿ ಮಕ್ಕಳು ಒತ್ತಕ್ಷರದ ಪುಸ್ತಕ ತೆರೆದಿರುತ್ತಾರೆ. ಶಾಲೆಯ ಗಂಟೆಯಲ್ಲ, ಸೈಕಲ್ಲಿನದು.

ಆ ತಾಯಿ ಹೆಸರು ತೆಗೆಸಲಿಲ್ಲ. ಹುದ್ದೆಯೂ ತುಂಬಲಿಲ್ಲ. ಹಿಂದಿನ ಟಯರು ನೂಲು ಕಾಣುವಷ್ಟು ಸವೆದಿದೆ. ಮಕ್ಕಳ ಸೈಕಲ್ಲಿನ ಟಯರೇ ಇದಕ್ಕೂ ಕೂಡುತ್ತದೆಂದು ಅಂಗಡಿಯವರು ಹೇಳಿದ್ದಾರೆ. ಶನಿವಾರ ಪೇಟೆಗೆ ಹೋಗಬೇಕು.