ಗಂಟಲಲ್ಲಿ ಮಡಚಿಟ್ಟ ಬಣ್ಣ

ಏಪ್ರಿಲ್ ತಿಂಗಳು. ಹೊತ್ತು ಏರುವ ಮೊದಲೇ ರೋಣ ಸೀಮೆಯ ಅಸೂಟಿಯ ಎರಿ ಹೊಲ ಕಾದಿದೆ. ಕಡಲೆ ಕಿತ್ತಾಗಿದೆ, ನೆಲ ಬಾಯಿಬಿಟ್ಟಿದೆ. ಒಡ್ಡಿನ ಮಗ್ಗುಲಿಗೆ ಕುಕ್ಕರಗಾಲಲ್ಲಿ ಕೂತು ಎದುರಿನ ಹೆಂಟೆಯನ್ನೇ ದಿಟ್ಟಿಸಿ. ಅದರ ಮೇಲೊಂದು ಸಣ್ಣ ಹೆಂಟೆ ಇದೆಯಲ್ಲ, ಅದು ಈಗ ಕಣ್ಣು ಮಿಟುಕಿಸಿತು.

ಬೀಸಣಿಗೆ ಗಂಟಲಿನ ಓತಿ, ಗಂಡು. ತೋರುಬೆರಳಿನಷ್ಟು ಮೈ, ಬಾಲ ಅದಕ್ಕಿಂತ ಉದ್ದ, ಬೆನ್ನ ತುಂಬ ಮಣ್ಣಿನ ಕಂದು. ಮುಂಗಾಲು ಊರಿ ಎದೆ ಎತ್ತುತ್ತದೆ. ಗಂಟಲಡಿಯ ತೊಗಲು ಪಟ್ಟನೆ ಬಿಚ್ಚಿಕೊಳ್ಳುತ್ತದೆ: ನೀಲಿ, ಕಪ್ಪು, ಕಿತ್ತಳೆಗೆಂಪು! ನೀವು ಉಸಿರೆಳೆಯುವಷ್ಟರಲ್ಲಿ ಮುಚ್ಚಿತು. ಮತ್ತೆ ಬಿಚ್ಚಿತು. ಆ ನೀಲಿಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ತೊಗಲಿನ ಕೋಶಗಳೊಳಗಿನ ಸೂಕ್ಷ್ಮ ಹರಳುಗಳು ಬಿಸಿಲಿನ ನೀಲಿಯನ್ನು ಹಿಂದಕ್ಕೆ ಚೆಲ್ಲುತ್ತವೆ. ಕಪ್ಪು ಮಾತ್ರ ಮೆಲನಿನ್, ನಮ್ಮ ಕೂದಲಲ್ಲಿರುವಂಥದ್ದೇ.

ನೆಲದ ಮೇಲೆ ಗಿಡುಗದ ನೆರಳು ಹಾಯುತ್ತದೆ. ಓತಿ ಹೊಟ್ಟೆ ನೆಲಕ್ಕೊತ್ತಿ ಮಣ್ಣಾಗಿಬಿಟ್ಟಿತು. ಎದ್ದು ಕಾಣುವ ಬೆನ್ನಿನವು ತಲೆಮಾರುಗಟ್ಟಲೆ ಹಕ್ಕಿಗಳ ಪಾಲಾದವು, ಮಣ್ಣಿನ ಬಣ್ಣದವು ಉಳಿದು ಮರಿ ಮಾಡಿದವು. ಆದರೆ ಬರೀ ಬದುಕಿ ಉಳಿದರೆ ಸಂತಾನವಾಗದು. ಹೆಣ್ಣು ಒಪ್ಪಬೇಕು, ಎದುರಾಳಿ ಹಿಮ್ಮೆಟ್ಟಬೇಕು. ಅದಕ್ಕೇ ಬೇಕೆಂದಾಗ ಬಿಚ್ಚಿ, ಬೇಡವೆಂದಾಗ ಮಡಚುವ ಈ ಬಣ್ಣ. ಅಗೋ, ಒಡ್ಡಿನ ಹುಲ್ಲಲ್ಲಿ ಹೆಣ್ಣು. ಅದಕ್ಕೆ ಈ ಬೀಸಣಿಗೆಯೇ ಇಲ್ಲ.

ಗಂಡಿಗಷ್ಟೇ ಇರುವ, ಕೂಡುವ ಕಾಲದಲ್ಲಷ್ಟೇ ಮೆರೆಯುವ ಈ ಬಣ್ಣಗಳ ಬಗ್ಗೆ ಡಾರ್ವಿನ್ 1871ರಲ್ಲೇ ಬರೆದಿದ್ದ. ಉತ್ತರ ಕರ್ನಾಟಕದ ಒಣ ಬಯಲಿನ ಈ ಬಗೆಯ ಒಂದು ಓತಿಗೆ 2016ರಲ್ಲಿ 'ಸರಡ ಡಾರ್ವಿನಿ' ಎಂದು ಹೆಸರಿಟ್ಟರು. ಇಷ್ಟು ತಕ್ಕ ಹೆಸರು ಅಪರೂಪ.

ತಲೆಯೆತ್ತಿ ಗಜೇಂದ್ರಗಡದ ಗುಡ್ಡಗಳತ್ತ ನೋಡಿ, ಗಾಳಿಯಂತ್ರಗಳು. ಇಂಥವೇ ಯಂತ್ರಗಳಿರುವ ಸಾತಾರದ ಚಾಳಕೇವಾಡಿಯಲ್ಲಿ ಇದೇ ಕುಲದ ಓತಿಗಳ ಮೇಲೆ ವಿಜ್ಞಾನಿ ಮರಿಯಾ ಠಾಕರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಯಂತ್ರಗಳಿದ್ದಲ್ಲಿ ಬೇಟೆಹಕ್ಕಿ ಕಡಿಮೆ, ಓತಿ ಹೆಚ್ಚು. ಒಂದೇ ಮೇವಿಗೆ ಪೈಪೋಟಿ ಬಿದ್ದು ಅವು ಸೊರಗಿದ್ದವು, ಗಂಡುಗಳ ಗಂಟಲ ಬಣ್ಣವೂ ಮಂಕಾಗಿತ್ತು. ಹದ್ದು ಹಾರದ ಬಯಲು ಓತಿಗೂ ಒಳ್ಳೆಯದಲ್ಲ.

ರೋಣ ಸೀಮೆಯ ರೈತರಲ್ಲಿ ನನ್ನ ಬೇಡಿಕೆ ಒಂದೇ: ಹೊಲ ಸಮ ಮಾಡುವಾಗ ಒಡ್ಡಿನ ಕಲ್ಲು, ಹುಲ್ಲು ಒಂದಿಷ್ಟು ಬಿಡಿ. ಗಂಡು ಏರಿ ನಿಲ್ಲುವುದು ಅಲ್ಲೇ.