ಒಂಟೆಗಳು ಎದುರಾಗದ ಆಟ

ಚದುರಂಗದ ಪಂದ್ಯಗಳಲ್ಲಿ ನೋಡುವವರು ಎದ್ದು ಹೊರಡುವ ಒಂದು ಘಟ್ಟವುಂಟು. ಮಂತ್ರಿಗಳು ಮಡಿದಿರುತ್ತಾರೆ, ಕುದುರೆಗಳು ಪಟದಾಚೆ ಸಾಲಾಗಿ ಮಲಗಿರುತ್ತವೆ. ಉಳಿದಿರುವುದು ಇಬ್ಬರು ರಾಜರು, ಪಕ್ಷಕ್ಕೊಂದು ಆನೆ, ಪಕ್ಷಕ್ಕೊಂದು ಒಂಟೆ, ಅಲ್ಲಲ್ಲಿ ನಾಲ್ಕಾರು ಕಾಲಾಳುಗಳು. ಅದರಲ್ಲಿಯೂ ಒಬ್ಬನ ಒಂಟೆ ಬಿಳಿಯ ಮನೆಗಳಲ್ಲಿಯೂ ಇನ್ನೊಬ್ಬನದು ಕಪ್ಪು ಮನೆಗಳಲ್ಲಿಯೂ ನಡೆಯುವಂಥದಾದರೆ, ಬಲ್ಲವರು ‘ಇನ್ನೇನಿದೆ, ಡ್ರಾ’ ಎಂದು ಮೇಲುವಸ್ತ್ರ ಕೊಡವಿಕೊಂಡು ಏಳುತ್ತಾರೆ. ಆಡುವವರಲ್ಲಿಯೂ ಒಬ್ಬನಿಗೆ ಇದೇ ನಂಬಿಕೆ ಇರುತ್ತದೆ. ಅವನೇ ಬಹುಮಟ್ಟಿಗೆ ಸೋಲುವವನು.

ಕಾಯಿಗಳ ಹೆಸರಿನ ಬಗ್ಗೆ ಒಂದು ಮಾತು ಹೇಳಿ ಮುಂದುವರಿಯಬಹುದು. ಪ್ರಾಚೀನ ಚತುರಂಗಕ್ಕೆ ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳು. ಆಟವು ಪಾರಸೀಕ, ಅರಬ್ಬಿ ನಾಡುಗಳನ್ನು ಹಾದು ಯೂರೋಪಿಗೆ ಹೋಯಿತು. ಅರಬ್ಬರ ಆಟದಲ್ಲಿ ಓರೆಯಾಗಿ ಎರಡನೆಯ ಮನೆಗೆ ಮಾತ್ರ ನೆಗೆಯುತ್ತಿದ್ದ ಆನೆ, ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನಲ್ಲಿ ಪಟದ ಅಂಚಿನವರೆಗೂ ಓರೆಯಾಗಿ ಓಡುವ ಶಕ್ತಿಯನ್ನು ಪಡೆಯಿತು. ಇಂಗ್ಲಿಷರು ಅದನ್ನು ಬಿಷಪ್ ಎಂದು ಕರೆದು ಧರ್ಮಗುರುವನ್ನಾಗಿ ಮಾಡಿದರು. ರಷ್ಯನ್ನರಿಗೆ ಅದು ಇಂದಿಗೂ ಆನೆಯೇ. ಕನ್ನಡಿಗರಾದರೋ ಅದಕ್ಕೆ ಒಂಟೆಯೆಂದು ಹೆಸರಿಟ್ಟು, ಆನೆಯನ್ನು ಮೂಲೆಗೆ ಕಟ್ಟಿಹಾಕಿದರು. ಮರುಭೂಮಿಯ ಪ್ರಾಣಿಯೊಂದು ಕನ್ನಡನಾಡಿನ ಜಗಲಿಗಳ ಮೇಲೆ ಇಷ್ಟು ಸಲೀಸಾಗಿ ನಡೆದಾಡುವುದು ವಿನೋದದ ಸಂಗತಿಯೇ ಸರಿ.

ಈ ಒಂಟೆಗೆ ಹುಟ್ಟಿನಿಂದಲೇ ಬಂದ ಒಂದು ಕಟ್ಟುಪಾಡಿದೆ. ಬಿಳಿಯ ಮನೆಯಲ್ಲಿ ನಿಂತದ್ದು ಆಟ ಮುಗಿಯುವವರೆಗೂ ಬಿಳಿಯ ಮನೆಯಲ್ಲಿಯೇ ನಡೆಯಬೇಕು. ಅರವತ್ತನಾಲ್ಕು ಮನೆಗಳಲ್ಲಿ ಮೂವತ್ತೆರಡು ಅದಕ್ಕೆ ಇಲ್ಲವೇ ಇಲ್ಲ. ಕುದುರೆಯ ಪಾಡು ಹಾಗಲ್ಲ. ನೆಗೆದಾಗಲೆಲ್ಲ ಅದರ ಮನೆಯ ಬಣ್ಣ ಬದಲಾಗುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವಂತೆ ಚಮತ್ಕಾರದ ಬಂಧಗಳನ್ನು ರಚಿಸಿದ್ದರು. ಒಂಟೆಯಿಂದ ಅಂಥ ಯಾತ್ರೆಯನ್ನು ಯಾವ ಅರಸನೂ ಮಾಡಿಸಲಾರ.

ಹೀಗಿರುವಾಗ ಎರಡು ಪಕ್ಷಗಳಲ್ಲಿ ಬೇರೆ ಬೇರೆ ಬಣ್ಣದ ಮನೆಗಳ ಒಂಟೆಗಳು ಉಳಿದರೆ ಏನಾಗುತ್ತದೆ? ಒಂದೇ ಮನೆಯ ಎರಡು ಅಂತಸ್ತುಗಳಲ್ಲಿ ಬಾಳುವ ದಾಯಾದಿಗಳಂತೆ ಅವು ಒಂದನ್ನೊಂದು ಸಂಧಿಸುವುದೇ ಇಲ್ಲ. ಒಂದು ಇನ್ನೊಂದನ್ನು ಕಡಿಯಲಾರದು, ಅದರ ದಾರಿಗೆ ಅಡ್ಡ ನಿಲ್ಲಲಾರದು, ಅದಕ್ಕೆ ತನ್ನನ್ನು ಅದಲುಬದಲು ಮಾಡಿಕೊಳ್ಳಲೂ ಆರದು. ಕಾಪಾಡಿಕೊಳ್ಳುವವನಿಗೆ ಇದು ವರ. ಎದುರಾಳಿಯ ಕಾಲಾಳು ಬಡ್ತಿ ಪಡೆಯಲು ಮುಂದೆ ಬರುತ್ತಿದೆ ಎನ್ನೋಣ. ಎದುರಾಳಿಯ ಒಂಟೆ ಮುಟ್ಟಲಾರದ ಬಣ್ಣದ ಮನೆಯೊಂದು ಆ ದಾರಿಯಲ್ಲಿ ಇದ್ದೇ ಇರುತ್ತದೆ. ಅಲ್ಲಿ ರಾಜನನ್ನು ಕೂರಿಸಿ, ಒಂಟೆಯನ್ನು ಕಾವಲಿಗೆ ನಿಲ್ಲಿಸಿದರೆ ಕೋಟೆ ಕಟ್ಟಿದಂತಾಯಿತು. ಎದುರಾಳಿಯ ಒಂಟೆ ದಿನವಿಡೀ ಆ ಕೋಟೆಯನ್ನು ಪ್ರದಕ್ಷಿಣೆ ಮಾಡಬಹುದು, ಒಳಗೆ ಕಾಲಿಡಲಾರದು. ಎರಡು ಕಾಲಾಳುಗಳು ಹೆಚ್ಚಾಗಿದ್ದರೂ ಗೆಲ್ಲಲಾಗದೆ ಕೈಕುಲುಕಿ ಎದ್ದ ಆಟಗಾರರು ಎಷ್ಟೋ ಮಂದಿ.

ಕಾಲಾಳುಗಳ ಎಣಿಕೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲವೆಂಬುದನ್ನು ಮಿಖಾಯಿಲ್ ಬಾಟ್ವಿನ್ನಿಕ್ 1955ರಲ್ಲಿ ಮಾಸ್ಕೋದಲ್ಲಿ ತೋರಿಸಿಕೊಟ್ಟರು. ಆಗ ಅವರು ಜಗತ್ತಿನ ಚಾಂಪಿಯನ್. ಸೋವಿಯತ್ ಒಕ್ಕೂಟದ ಚಾಂಪಿಯನ್‌ಷಿಪ್ಪಿನಲ್ಲಿ ಅವರೆದುರು ಕುಳಿತವರು ಅಲೆಕ್ಸಾಂಡರ್ ಕೊಟೋವ್. ಆನೆಗಳು ಹೋಗಿದ್ದವು, ಬೇರೆ ಬೇರೆ ಬಣ್ಣದ ಒಂಟೆಗಳು ಉಳಿದಿದ್ದವು. ಕೊಟೋವರಿಗೆ ಮೂರು ಕಾಲಾಳು, ಬಾಟ್ವಿನ್ನಿಕ್‌ಗೆ ನಾಲ್ಕು. ಇಂಥ ಕಡೆ ಸಾಮಾನ್ಯ ಆಟಗಾರನು ಹೆಚ್ಚಿನ ಆ ಒಂದು ಕಾಲಾಳನ್ನು ಜೀವದಂತೆ ಕಾಪಾಡುತ್ತಾನೆ. ಬಾಟ್ವಿನ್ನಿಕ್ ಒಂದರ ಹಿಂದೆ ಒಂದರಂತೆ ಎರಡು ಕಾಲಾಳುಗಳನ್ನು ಎದುರಾಳಿಯ ಬಾಯಿಗೆ ಒಡ್ಡಿದರು. ಒಂದು ಹೆಚ್ಚಾಗಿದ್ದವರು ಒಂದು ಕಡಿಮೆಯಾದರು. ಆದರೆ ಎರಡನೆಯ ಬಲಿಯಿಂದ ಅವರ ಒಂಟೆಯ ಓರೆಗೆರೆ ತೆರೆದುಕೊಂಡಿತು. ಆ ಒಂದೇ ಗೆರೆಯ ಮೇಲೆ ನಿಂತು ಒಂಟೆ ತನ್ನ ಕಡೆಯ ಒಂದು ಕಾಲಾಳನ್ನು ಕಾಯಿತು, ಬಿಳಿಯ ಎರಡು ಕಾಲಾಳುಗಳನ್ನೂ ತಡೆಯಿತು. ಅಷ್ಟರಲ್ಲಿ ರಾಜ ಪಟದ ಬಲ ಅಂಚಿಗೆ ನಡೆದು, ಕೊಟ್ಟದ್ದರ ಬಡ್ಡಿಯನ್ನು ವಸೂಲು ಮಾಡಿಕೊಂಡು, ಅಲ್ಲಿಯೂ ಒಂದು ಕಾಲಾಳನ್ನು ಹೊರಡಿಸಿತು. ಈಗ ಕಪ್ಪಿನ ಎರಡು ಕಾಲಾಳುಗಳು ಪಟದ ಎರಡು ಕಡೆಗಳಲ್ಲಿ ಓಡತೊಡಗಿದವು. ನಡುವೆ ಐದು ನಿಲುಸಾಲುಗಳ ಅಂತರ. ಕೊಟೋವರ ರಾಜ ಒಂದನ್ನು ತಡೆಯಬಹುದು, ಒಂಟೆ ಇನ್ನೊಂದನ್ನು ತಡೆಯಬಹುದು; ಆದರೆ ರಾಜನನ್ನು ಅವನ ಕಾವಲಿನ ಮನೆಯಿಂದ ಅಟ್ಟುವವರನ್ನು ತಡೆಯಲು ಮೂರನೆಯವರಿರಲಿಲ್ಲ. ಆಟ ಅಲ್ಲಿಗೆ ಮುಗಿಯಿತು. ಗೆಲುವು ಕಾಲಾಳುಗಳ ಸಂಖ್ಯೆಯಲ್ಲಿರದೆ ಅವುಗಳ ನಡುವಣ ದೂರದಲ್ಲಿತ್ತು.

ಇದು ಒಂಟೆಗಳು ಮಾತ್ರ ಉಳಿದಾಗಿನ ಮಾತು. ಜೊತೆಗೆ ಆನೆಗಳೂ ಉಳಿದರೆ ಲೆಕ್ಕವೇ ಬೇರೆಯಾಗುತ್ತದೆ. ಆನೆ ನೇರವಾಗಿ ನಡೆಯುವ ಕಾಯಿ. ಕಪ್ಪು ಬಿಳಿ ಎಂಬ ಭೇದ ಅದಕ್ಕಿಲ್ಲ. ಅದು ತನ್ನ ಪಕ್ಷದ ಒಂಟೆಯ ಬಣ್ಣದ ಮನೆಯೊಂದಕ್ಕೆ ಗುರಿಯಿಟ್ಟಿತೆಂದರೆ ಆ ಮನೆಗೆ ಇಬ್ಬರು ಮುತ್ತಿಗೆದಾರರು. ಕಾಯುವವನ ಆನೆಯೇನೋ ಬರಬಹುದು, ಒಂಟೆ ಬರಲಾರದು. ಡ್ರಾ ಎಂದು ಯಾವ ಕಾರಣಕ್ಕೆ ನಂಬಲಾಗಿತ್ತೋ ಅದೇ ಕಾರಣ ಈಗ ತಿರುಗಿಬೀಳುತ್ತದೆ. ಒಂಟೆಗಳು ಸಂಧಿಸುವುದಿಲ್ಲವೆಂದ ಮೇಲೆ, ದಾಳಿ ಮಾಡುವವನಿಗೆ ತನ್ನ ಬಣ್ಣದ ಮನೆಗಳಲ್ಲಿ ಒಂದು ಕಾಯಿ ಹೆಚ್ಚಿದ್ದಂತೆಯೇ ಅಲ್ಲವೆ?

ಪಟದ ನಿಲುಸಾಲುಗಳನ್ನು ಎ ಯಿಂದ ಎಚ್ ವರೆಗೆ ಅಕ್ಷರಗಳಿಂದಲೂ ಅಡ್ಡಸಾಲುಗಳನ್ನು 1ರಿಂದ 8ರವರೆಗೆ ಅಂಕಿಗಳಿಂದಲೂ ಗುರುತಿಸುವುದು ವಾಡಿಕೆ. ಕಪ್ಪು ರಾಜನನ್ನು ಜಿ 8ರಲ್ಲಿಯೂ ಅವನ ಕಾಲಾಳುಗಳನ್ನು ಎಫ್ 7, ಜಿ 6, ಎಚ್ 7ರಲ್ಲಿಯೂ ಇರಿಸಿ, ಬಿಳಿಯ ಒಂಟೆಯನ್ನು ಎಫ್ 6ರ ಕಪ್ಪು ಮನೆಯಲ್ಲಿ ನಿಲ್ಲಿಸಿ ನೋಡಬೇಕು. ಬಿಳಿಯ ಆನೆ ಡಿ 8ಕ್ಕೆ ಬಂದು ಚೆಕ್ ಕೊಟ್ಟ ಕ್ಷಣ ರಾಜನಿಗೆ ಉಸಿರಾಡಲು ಎಡೆಯಿಲ್ಲ. ಪಾರಾಗುವ ಎರಡು ಮನೆಗಳ ಮೇಲೆ ಒಂಟೆಯ ಕಣ್ಣಿದೆ. ಕಪ್ಪಿನ ಒಂಟೆ ಬಿಳಿಯ ಮನೆಗಳದಾದರೆ ಹೆಚ್ಚೆಂದರೆ ನಡುವೆ ಇ 8ಕ್ಕೆ ಬಂದು ಬೀಳಬಹುದು. ಆನೆ ಅದನ್ನೂ ಕಡಿದು ಮತ್ತೆ ಚೆಕ್ ಎನ್ನುತ್ತದೆ. ನಾಲ್ಕು ಕಾಯಿಗಳ ಕೊನೆಯಾಟದಲ್ಲಿ, ಮಂತ್ರಿಯ ಸಹಾಯವಿಲ್ಲದೆ, ರಾಜನೇ ಸೆರೆಸಿಕ್ಕುತ್ತಾನೆ.

ದಾಳಿ ಯಾವಾಗಲೂ ಇಷ್ಟು ಬಿರುಸಾಗಿರುವುದಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದು ನೀರು ಒಡ್ಡನ್ನು ಕೊರೆಯುವ ಬಗೆಯದು. ಕಾಯುವವನು ತನ್ನ ಕಾಲಾಳುಗಳನ್ನು ತನ್ನ ಒಂಟೆಯ ಬಣ್ಣದ ಮನೆಗಳಲ್ಲಿ ನಿಲ್ಲಿಸುತ್ತಾನೆ. ಅಲ್ಲಿ ಎದುರಾಳಿಯ ಒಂಟೆ ಅವನ್ನು ಮುಟ್ಟಲಾರದೆಂಬ ಧೈರ್ಯ ಅವನದು. ಒಂಟೆ ಮುಟ್ಟಲಾರದು ನಿಜ, ಆನೆ ಮುಟ್ಟುತ್ತದೆ. ಆಗ ಕಾಯುವವನ ಒಂಟೆ ಕಾಲಾಳುಗಳ ಕಾವಲಿಗೆ ಕಟ್ಟುಬೀಳುತ್ತದೆ. ಪಟದ ಈ ಕಡೆ ಒಂದು ಕಾಲಾಳಿಗೆ ಕಾವಲು, ಆ ಕಡೆ ಇನ್ನೊಂದಕ್ಕೆ. ಎರಡೂ ಒಂದೇ ಓರೆಗೆರೆಯ ಮೇಲಿದ್ದರೆ ಹೇಗೋ ನಿಭಾಯಿಸಬಹುದು. ಆನೆಯಾದರೋ ಒಂದೇ ನಡೆಯಲ್ಲಿ ಪಟದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಬಲ್ಲುದು. ಇಂದು ಇಲ್ಲಿ, ನಾಳೆ ಅಲ್ಲಿ ಎಂದು ಅದು ಸುತ್ತಿ ಸುತ್ತಿ ಬಂದು, ಗೆರೆಯ ಹೊರಗಿನ ಮೂರನೆಯ ಗುರಿಯೊಂದನ್ನು ಹುಡುಕಿಬಿಟ್ಟರೆ ಕಾವಲುಗಾರನ ಕೈ ಸೋಲುತ್ತದೆ. ಇದಕ್ಕೆ ಬೇಕಾದದ್ದು ತಾಳ್ಮೆ. ಇಪ್ಪತ್ತು ನಡೆಗಳವರೆಗೆ ಏನೂ ಆಗದಂತೆ ಕಾಣುವ ಆಟವನ್ನು ಬೇಸರಪಡದೆ ಆಡಬಲ್ಲವನಿಗೆ ಮಾತ್ರ ಈ ಗೆಲುವು.

ಇಂಥ ಆಟದಲ್ಲಿ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ, ಆನೆಗಳನ್ನು ಅದಲುಬದಲು ಮಾಡಿಕೊಳ್ಳಬೇಕೆ ಬೇಡವೆ ಎಂಬುದು. ಕಾಯುವವನು ಅದನ್ನೇ ಹಾರೈಸುತ್ತಿರುತ್ತಾನೆ. ಆನೆಗಳು ತೊಲಗಿದರೆ ಕೋಟೆ ಭದ್ರ. ಆದ್ದರಿಂದ ದಾಳಿ ಮಾಡುವವನು ಆನೆಯನ್ನು ಉಳಿಸಿಕೊಳ್ಳುವುದು ಸಾಮಾನ್ಯ ನೀತಿ. ಆದರೆ ಕಾಲಾಳುಗಳು ಬಾಟ್ವಿನ್ನಿಕ್ ಆಟದಲ್ಲಿದ್ದಂತೆ ದೂರದೂರ ಹೊರಟಿದ್ದರೆ ಆನೆಯನ್ನು ಕೊಟ್ಟು ಆನೆಯನ್ನು ಕೊಳ್ಳುವುದೂ ಜಾಣತನವೇ. ಸೂತ್ರವನ್ನು ಬಾಯಿಪಾಠ ಮಾಡಿದವನಿಗೆ ಇಲ್ಲಿ ನೆರವು ದೊರೆಯದು. ಅದಲುಬದಲಾದ ಮೇಲೆ ಉಳಿಯುವ ಪಟವನ್ನು ಮನಸ್ಸಿನಲ್ಲಿ ಕಾಣಬಲ್ಲವನಿಗೆ ದೊರೆಯುತ್ತದೆ.

ಈ ಪ್ರಶ್ನೆಗೆ ಎಷ್ಟು ಬೆಲೆಯಿದೆಯೆಂಬುದಕ್ಕೆ 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದುದನ್ನು ನೆನೆಯಬಹುದು. ಜಗತ್ತಿನ ಚಾಂಪಿಯನ್ ಚೀನದ ಡಿಂಗ್ ಲಿರೆನ್ ಅವರಿಗೂ ಹದಿನೆಂಟು ವರ್ಷದ ಗುಕೇಶ್ ಅವರಿಗೂ ಹದಿನಾಲ್ಕನೆಯ ಆಟ. ಹದಿಮೂರು ಆಟಗಳಿಂದ ಇಬ್ಬರಿಗೂ ಸಮನಾದ ಅಂಕಗಳು ಬಂದಿದ್ದವು. ಪಟದ ಮೇಲೆ ಪಕ್ಷಕ್ಕೊಂದು ಆನೆ, ಪಕ್ಷಕ್ಕೊಂದು ಒಂಟೆ. ಗುಕೇಶರಿಗೆ ಒಂದು ಕಾಲಾಳು ಹೆಚ್ಚು. ಡ್ರಾ ಎಂದೇ ಎಲ್ಲರ ಎಣಿಕೆ. ಐವತ್ತೈದನೆಯ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಎದುರಾಳಿಯ ಆನೆಗೆ ಒಡ್ಡಿ ಅದಲುಬದಲಿಗೆ ಆಹ್ವಾನವಿತ್ತರು. ಅಲ್ಲಿ ಒಂಟೆಗಳೆರಡೂ ಬಿಳಿಯ ಮನೆಗಳವು ಎಂಬುದನ್ನು ಗಮನಿಸಬೇಕು. ಡಿಂಗ್ ಅವರ ಒಂಟೆ ಎ 8ರ ಮೂಲೆಯಲ್ಲಿತ್ತು. ಆನೆಗಳು ಹೋದೊಡನೆ ಗುಕೇಶರ ಒಂಟೆ ಡಿ 5ಕ್ಕೆ ಬಂದು ಅದರ ದಾರಿಗೆ ಅಡ್ಡ ನಿಂತಿತು. ಮೂಲೆಯ ಒಂಟೆಗೆ ಬೇರೆ ಗೆರೆಯಿಲ್ಲ, ಒಂಟೆಗಳೂ ಅದಲುಬದಲಾದವು. ಉಳಿದ ಬರಿಯ ಕಾಲಾಳುಗಳ ಆಟ ಗುಕೇಶರದು. ಐವತ್ತೆಂಟನೆಯ ನಡೆಯ ಹೊತ್ತಿಗೆ ಡಿಂಗ್ ಸೋಲೊಪ್ಪಿದರು, ಚಾಂಪಿಯನ್ ಪದವಿ ಕೈ ಬದಲಾಯಿಸಿತು. ಒಂಟೆಗಳು ಬೇರೆ ಬೇರೆ ಬಣ್ಣದವಾಗಿದ್ದರೆ ಡಿ 5ರ ಆ ನಡೆಯೇ ಹುಟ್ಟುತ್ತಿರಲಿಲ್ಲ.

ಬೇರೆ ಬಣ್ಣದ ಒಂಟೆಗಳಿದ್ದಾಗ ಹೀಗೆ ಅದಲುಬದಲಿನಿಂದ ಬಿಡಿಸಿಕೊಳ್ಳುವ ದಾರಿಯಿಲ್ಲ. ಹಾಗಾದರೆ ಆ ಒಂಟೆಯಿಂದ ಇನ್ನೇನು ಮಾಡಬಹುದು? 1998ರಲ್ಲಿ ಸ್ಪೇನಿನ ಲಿನಾರೆಸ್ ಊರಿನಲ್ಲಿ ಅಲೆಕ್ಸಿ ಷಿರೋವ್ ಇದಕ್ಕೊಂದು ಉತ್ತರ ಕೊಟ್ಟರು. ಎದುರಾಳಿ ಬಲ್ಗೇರಿಯದ ವೆಸೆಲಿನ್ ಟೋಪಲೋವ್, ಮುಂದೆ 2010ರಲ್ಲಿ ವಿಶ್ವನಾಥನ್ ಆನಂದರೊಡನೆ ಜಗತ್ತಿನ ಪದವಿಗಾಗಿ ಸೆಣಸಿದವರು. ಬಿಳಿಯ ಟೋಪಲೋವರಿಗೆ ಜಿ 1ರಲ್ಲಿ ರಾಜ, ಸಿ 3ರಲ್ಲಿ ಒಂಟೆ, ಜಿ 2 ಮತ್ತು ಎಚ್ 4ರಲ್ಲಿ ಕಾಲಾಳುಗಳು. ಕಪ್ಪಿನ ಷಿರೋವರಿಗೆ ಇ 6ರಲ್ಲಿ ರಾಜ, ಎಫ್ 5ರಲ್ಲಿ ಒಂಟೆ, ಎ 4, ಡಿ 5, ಎಫ್ 6, ಜಿ 6ರಲ್ಲಿ ಕಾಲಾಳುಗಳು. ಪುಸ್ತಕದ ಓದಿನಂತೆ ಡ್ರಾ. ಕಪ್ಪು ರಾಜ ಇ 4ಕ್ಕೆ ಹೋಗಿ ನಿಂತರೆ ಗೆಲುವುಂಟು. ಆದರೆ ಅದಕ್ಕೆ ಮೊದಲೇ ಬಿಳಿಯ ರಾಜ ಇ 3ಕ್ಕೆ ಬಂದುಬಿಡುತ್ತಾನೆ. ಇ 5ರ ಮನೆಯನ್ನು ಬಿಳಿಯ ಒಂಟೆ ಕಾಯುತ್ತಿದೆ. ಉಳಿದ ದಾರಿ ಎಫ್ 5ರದು, ಅಲ್ಲಿ ಷಿರೋವರದೇ ಒಂಟೆ ಕುಳಿತಿದೆ. ಅದು ಸುಮ್ಮನೆ ಸರಿದರೆ ಒಂದು ನಡೆ ವ್ಯರ್ಥ, ಆ ಒಂದು ನಡೆಯೇ ಆಟ.

ನಲವತ್ತೇಳನೆಯ ನಡೆಯಲ್ಲಿ ಷಿರೋವ್ ಒಂಟೆಯನ್ನು ಎಫ್ 5ರಿಂದ ಎಚ್ 3ಕ್ಕೆ ನಡೆಸಿದರು. ಜಿ 2ರ ಕಾಲಾಳು ಅದನ್ನು ಪುಕ್ಕಟೆಯಾಗಿ ಕಡಿಯಬಹುದಾದ ಮನೆ ಅದು! ಕಡಿಯದೆ ಬಿಟ್ಟರೂ ಅದು ಜಿ 2ರ ಕಾಲಾಳಿನ ಮೇಲೆಯೇ ಬೀಳುವುದು. ಟೋಪಲೋವ್ ಕಡಿದರು. ಕಪ್ಪು ರಾಜ ಬರಿದಾದ ಎಫ್ 5ಕ್ಕೆ ಕಾಲಿಟ್ಟು, ಮರುನಡೆಯಲ್ಲಿ ಇ 4ನ್ನು ಸೇರಿದ. ಬಿಳಿಯ ರಾಜ ಎಫ್ 2ರಲ್ಲಿಯೇ ಉಳಿದ. ಬಿಳಿಯ ಒಂಟೆ ಎಫ್ 6ರ ಕಾಲಾಳನ್ನೂ ನುಂಗಿತು. ಒಂದು ಒಂಟೆ, ಎರಡು ಕಾಲಾಳುಗಳ ಎದುರು ಈಗ ಷಿರೋವರ ಬಳಿ ಉಳಿದದ್ದು ರಾಜ ಮತ್ತು ಮೂರು ಕಾಲಾಳುಗಳು ಮಾತ್ರ. ಐವತ್ತಮೂರನೆಯ ನಡೆಯಲ್ಲಿ ಆ ರಾಜ ಬಿ 3ಕ್ಕೆ ಬಂದಾಗ ಟೋಪಲೋವ್ ಆಟವನ್ನು ಬಿಟ್ಟುಕೊಟ್ಟರು. ಅವರ ಒಂಟೆ ಆಗಲೂ ಇ 7ರ ಕಪ್ಪು ಮನೆಯಲ್ಲಿ ನಿಂತಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.